ಪಾತ್ರವರಿತು ಕೊಟ್ಟವರು: ಬಂದಳಿಕೆ ಮತ್ತು ನಾಗರಖಂಡದ ದಾನಪರಂಪರೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಸೊರಬದ ಎಲ್ಲೆಗೆ ಸಮೀಪವಾಗಿ, ಕಾಡು ಮತ್ತು ಗದ್ದೆಗಳ ನಡುವೆ ಬಂದಳಿಕೆಯ ಅವಶೇಷಗಳಿವೆ. ಶಾಸನಗಳಲ್ಲಿ ಈ ಊರಿನ ಹೆಸರು ಬಂದಣಿಕೆ; ಸಂಸ್ಕೃತದ ಒಲವುಳ್ಳವರು ಇದನ್ನೇ ಬಾಂಧವಪುರವೆಂದು ಕರೆದರು. ಬನವಾಸಿ ಪನ್ನಿರ್ಛಾಸಿರದೊಳಗೆ ನಾಗರಖಂಡ ಎಪ್ಪತ್ತು ಎಂಬ ನಾಡಿಗೆ ಇದು ಮುಖ್ಯ ಪಟ್ಟಣವಾಗಿತ್ತು. ಜೈನರಿಗಂತೂ ತೀರ್ಥವೇ ಆಗಿತ್ತು. ಇಂದು ಇಲ್ಲಿ ಕಾಣಸಿಗುವ ಶಾಂತಿನಾಥ ಬಸದಿ, ತ್ರಿಮೂರ್ತಿನಾರಾಯಣ ದೇವಾಲಯ, ಸೋಮೇಶ್ವರ ದೇವಾಲಯಗಳು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇವನ್ನು ನೋಡಲು ಬರುವವರು ಕಂಬಗಳ ತಿರುವನ್ನೂ ಬಾಗಿಲುವಾಡದ ಕೆತ್ತನೆಯನ್ನೂ ಮೆಚ್ಚಿ ಹಿಂದಿರುಗುತ್ತಾರೆ. ಅಲ್ಲಿಯ ಕಲ್ಲುಗಳ ಮೇಲಿನ ಬರಹವನ್ನು ಓದಿಸಿಕೊಂಡು ಕೇಳುವವರು ವಿರಳ.

ಆ ಬರಹಗಳಲ್ಲಿ ಬಹುಪಾಲು ದಾನಶಾಸನಗಳು. ರಾಜನ ಪ್ರಶಸ್ತಿ, ಆಚಾರ್ಯಪರಂಪರೆ, ಕೊನೆಗೆ ದಾನದ ವಿವರ: ಇದು ಅವುಗಳ ಕ್ರಮ. ಮೊದಲೆರಡು ಭಾಗಗಳನ್ನು ಇತಿಹಾಸಕಾರರು ಚೆನ್ನಾಗಿ ಬಳಸಿಕೊಂಡಿದ್ದಾರೆ. ಮೂರನೆಯ ಭಾಗವನ್ನು, ಅಂದರೆ ಯಾರು ಯಾರಿಗೆ ಏನನ್ನು ಯಾತಕ್ಕಾಗಿ ಕೊಟ್ಟರು ಎಂಬುದನ್ನು, ಕೊಡುವ ಮನೆತನಗಳವರೂ ಸ್ವೀಕರಿಸುವ ಬಸದಿಗಳ ಆಡಳಿತದವರೂ ಹೆಚ್ಚಿನ ಗಮನವಿಟ್ಟು ಓದಬೇಕಾಗಿದೆ. ಏಕೆಂದರೆ ಇಂದು ನಮ್ಮ ಸಮಾಜದಲ್ಲಿ ಕೊಡುವವರಿಗೆ ಕೊರತೆಯಿಲ್ಲ. ವ್ರತದ ಉದ್ಯಾಪನೆ, ಪಂಚಕಲ್ಯಾಣ, ಮದುವೆ, ಹಿರಿಯರ ಸ್ಮರಣೆ, ಯಾವ ನೆಪ ಬಂದರೂ ಕೈ ಮುಂದಾಗುತ್ತದೆ. ಆದರೆ ಕೊಟ್ಟದ್ದು ಪಡೆದವರಿಗೆ ಬೇಕಾಗಿತ್ತೇ ಎಂಬ ಪ್ರಶ್ನೆ ಏಳುವುದು ಕಡಿಮೆ. ಒಂದೇ ಬಸದಿಯಲ್ಲಿ ಹತ್ತಾರು ಗೋಡೆ ಗಡಿಯಾರಗಳು, ಪ್ರತಿಯೊಂದರ ಮೇಲೂ ಒಂದೊಂದು ಮನೆತನದ ಹೆಸರು; ಅದೇ ಬಸದಿಯ ಅರ್ಚಕರಿಗೆ ತಿಂಗಳ ಸಂಬಳ ಹೊಂದಿಸುವುದು ಕಷ್ಟ. ಇಂತಹ ನೋಟ ಅಪರೂಪವಲ್ಲ.

ದಾನದ ವಿಷಯದಲ್ಲಿ ನಮ್ಮ ಆಚಾರ್ಯರು ಬಹಳ ಹಿಂದೆಯೇ ಎಚ್ಚರಿಸಿದ್ದರು. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ, ಅನುಗ್ರಹಕ್ಕಾಗಿ ತನ್ನದನ್ನು ಬಿಡುವುದೇ ದಾನವೆಂದು ಹೇಳಿ, ಅಲ್ಲಿಗೇ ನಿಲ್ಲಿಸದೆ, ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ ಈ ನಾಲ್ಕರ ವಿಶೇಷದಿಂದ ದಾನದಲ್ಲಿ ಹೆಚ್ಚುಕಡಿಮೆಯುಂಟಾಗುತ್ತದೆ ಎಂದು ಸೇರಿಸಿದರು. ಬೆಲೆಯ ಮಾತು ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ದಾನಕ್ಕೆ ಅಂಟುವ ದೋಷಗಳನ್ನು ಹೇಳುವಲ್ಲಿ ಅವರು ಕಾಲ ಮೀರಿ ಕೊಡುವುದನ್ನೂ, ಇನ್ನೊಬ್ಬ ದಾನಿಯ ಮೇಲಿನ ಮತ್ಸರದಿಂದ ಕೊಡುವುದನ್ನೂ ಸೇರಿಸಿದ್ದಾರೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಇವುಗಳೊಡನೆ ಅನಾದರವನ್ನೂ ಮರೆವನ್ನೂ ಎಣಿಸಿದರು. ಹಸಿದವನಿಗೆ ಉಂಡ ಮೇಲೆ ಬಂದ ಅನ್ನ, ಪಕ್ಕದ ಮನೆಯವರು ಬೆಳ್ಳಿಯ ದೀಪ ಕೊಟ್ಟರೆಂದು ಕೊಟ್ಟ ಇನ್ನೂ ದೊಡ್ಡ ದೀಪ, ಇವು ಸಾವಿರ ವರ್ಷಗಳಿಗೂ ಹಿಂದೆಯೇ ಗುರುತಿಸಲ್ಪಟ್ಟ ದೋಷಗಳು.

ಪಾತ್ರವನ್ನು ನೋಡಿ ದಾನವನ್ನು ವಿಂಗಡಿಸಿದವರಲ್ಲಿ ಪ್ರಮುಖರು ಆದಿಪುರಾಣದ ಕರ್ತೃಗಳಾದ ಭಗವಜ್ಜಿನಸೇನಾಚಾರ್ಯರು. ಅವರು ದತ್ತಿಯನ್ನು ನಾಲ್ಕಾಗಿ ಕಂಡರು. ಕರುಣೆಗೆ ಯೋಗ್ಯವಾದ ಜೀವಿಗಳ ಭಯವನ್ನು ನೀಗುವುದು ದಯಾದತ್ತಿ. ತಪೋಧನರಿಗೆ ಭಕ್ತಿಯಿಂದ ಆಹಾರಾದಿಗಳನ್ನು ಕೊಡುವುದು ಪಾತ್ರದತ್ತಿ. ಕ್ರಿಯೆ, ವ್ರತಗಳಲ್ಲಿ ತನಗೆ ಸಮಾನನಾದ ಗೃಹಸ್ಥನಿಗೆ ಭೂಮಿ, ಸುವರ್ಣ ಮೊದಲಾದುವನ್ನು ಗೌರವಪೂರ್ವಕವಾಗಿ ಕೊಡುವುದು ಸಮದತ್ತಿ. ತನ್ನ ವಂಶವನ್ನು ಮುಂದುವರಿಸುವವರಿಗೆ ಧರ್ಮದೊಡನೆ ಧನವನ್ನೂ ಸಂಪೂರ್ಣವಾಗಿ ಒಪ್ಪಿಸುವುದು ಅನ್ವಯದತ್ತಿ. ದೀನನಿಗೆ ಕೊಡುವಾಗ ಕರುಣೆ, ಮುನಿಗೆ ಕೊಡುವಾಗ ಭಕ್ತಿ, ಸಮಾನನಿಗೆ ಕೊಡುವಾಗ ಗೌರವ. ವಸ್ತು ಬೇರೆಯಾಗುವಂತೆ ಮನಸ್ಸಿನ ಭಾವವೂ ಬೇರೆಯಾಗಬೇಕು. ಸಮಾನನಿಗೆ ಕರುಣೆಯಿಂದ ಕೊಟ್ಟರೆ ಅದು ಅವಮಾನವಾಗುತ್ತದೆ ಎಂಬ ಸೂಕ್ಷ್ಮ ಈ ವಿಂಗಡಣೆಯಲ್ಲಿಯೇ ಅಡಗಿದೆ.

ಈ ಗ್ರಂಥಕ್ಕೂ ಬಂದಳಿಕೆಯ ನಾಡಿಗೂ ಸಂಬಂಧವಿದೆ. ಜಿನಸೇನಾಚಾರ್ಯರು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಗುರುಗಳು. ಅವರು ಮುಗಿಸದೆ ಉಳಿಸಿದ ಮಹಾಪುರಾಣವನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಪೂರ್ಣಗೊಳಿಸಿದರು. ಅಮೋಘವರ್ಷನ ಮಗ ಅಕಾಲವರ್ಷನ, ಅಂದರೆ ಎರಡನೆಯ ಕೃಷ್ಣನ, ಆಳ್ವಿಕೆಯಲ್ಲಿ, ಕ್ರಿ.ಶ. 898ರಲ್ಲಿ, ಆ ಮಹಾಗ್ರಂಥಕ್ಕೆ ಪೂಜೆ ಸಂದುದು ಬಂಕಾಪುರದಲ್ಲಿ. ಆಗ ಬನವಾಸಿ ನಾಡನ್ನು ಆಳುತ್ತಿದ್ದವನು ಬಂಕೆಯನ ಮಗ ಲೋಕಾದಿತ್ಯ. ಅದಾಗಿ ಎರಡು ದಶಕಗಳು ಕಳೆಯುವುದರೊಳಗೆ, ಅದೇ ಬನವಾಸಿ ನಾಡಿನ ನಾಗರಖಂಡದಲ್ಲಿ, ಅನ್ವಯದತ್ತಿಯ ಒಂದು ಅಪೂರ್ವ ಉದಾಹರಣೆ ಬಂದಳಿಕೆಯ ಕಲ್ಲಿನ ಮೇಲೆ ದಾಖಲಾಯಿತು. ಅದು ಜಕ್ಕಿಯಬ್ಬೆಯ ಶಾಸನ.

ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮರಣ ಹೊಂದಿದನು. ಬನವಾಸಿಯನ್ನು ಆಗ ಮಹಾಸಾಮಂತ ಕಲಿವಿಟ್ಟರಸನು ಆಳುತ್ತಿದ್ದನು. ನಾಡಿನ ಅಧಿಕಾರಕ್ಕೆ ಯಾರೆಂಬ ಪ್ರಶ್ನೆ ಬಂದಾಗ ಆ ಪದವಿ ಸಂದುದು ನಾಗಾರ್ಜುನನ ಪತ್ನಿ ಜಕ್ಕಿಯಬ್ಬೆಗೆ. ಇದು ಹತ್ತನೆಯ ಶತಮಾನದ ಎರಡನೆಯ ದಶಕದ ಮಾತು. ವೈಧವ್ಯಕ್ಕೆ ಮರುಗಿ ಜೀವನಾಂಶವೆಂದು ಒಂದಿಷ್ಟು ಭೂಮಿಯನ್ನು ಕೊಟ್ಟು ಸುಮ್ಮನಾಗಬಹುದಾಗಿತ್ತು. ಲೋಕದ ರೂಢಿಯಲ್ಲಿ ಅದೂ ಉದಾರತೆಯೇ. ಹಾಗಾಗದೆ ಆಕೆಗೆ ಸಂದುದು ಎಪ್ಪತ್ತು ಊರುಗಳ ಹೊಣೆ. ಶಾಸನವು ಆಕೆಯನ್ನು ಆಡಳಿತದಲ್ಲಿ ಸಮರ್ಥೆಯೆಂದೂ ಜಿನೇಂದ್ರಶಾಸನದಲ್ಲಿ ಭಕ್ತೆಯೆಂದೂ ಹೊಗಳುತ್ತದೆ. ಹೆಣ್ಣಾದರೂ ನಾಡನ್ನು ವೀರ್ಯದಿಂದ ಕಾಪಾಡಿದಳೆಂಬ ಹೆಮ್ಮೆ ಆ ಬರಹದಲ್ಲಿದೆ. ಕೊಟ್ಟವರು ಪಡೆಯುವವಳ ದುಃಖವನ್ನು ಮಾತ್ರ ನೋಡಲಿಲ್ಲ, ಶಕ್ತಿಯನ್ನೂ ನೋಡಿದರು. ಪಾತ್ರವನ್ನು ಅರಿಯುವುದೆಂದರೆ ಇದೇ ಎನ್ನಬೇಕು.

ಕೆಲವು ವರ್ಷಗಳ ನಂತರ ಜಕ್ಕಿಯಬ್ಬೆಯ ಶರೀರವನ್ನು ವ್ಯಾಧಿ ಆವರಿಸಿತು. ಸಂಸಾರದ ಭೋಗ ಅಸಾರವೆಂದು ಆಕೆ ನಿಶ್ಚಯಿಸಿದಳು. ಮಗಳನ್ನು ಕರೆಯಿಸಿ ತನ್ನದನ್ನು ಆಕೆಗೆ ಒಪ್ಪಿಸಿದಳು. ಆ ಬಳಿಕ ಪುಣ್ಯತೀರ್ಥವಾದ ಬಂದಣಿಕೆಗೆ ಬಂದು ಬಸದಿಯಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡು ಮುಡಿಪಿದಳು. ಇಲ್ಲಿಯ ಕ್ರಮವನ್ನು ಗಮನಿಸಬೇಕು. ಮೊದಲು ಒಪ್ಪಿಸುವುದು, ಆಮೇಲೆ ಬಿಡುವುದು. ಸಾವಿನ ನಂತರ ಹಂಚಿಕೆಯಾಗಲಿ ಎಂದು ಆಕೆ ಬಿಟ್ಟುಹೋಗಲಿಲ್ಲ. ಎಚ್ಚರವಿದ್ದಾಗಲೇ, ಕೈಯಾರೆ, ಎದುರಿಗೆ ಕೂರಿಸಿಕೊಂಡು ಒಪ್ಪಿಸಿದಳು. ಕಾಲಾತಿಕ್ರಮವೆಂಬ ದೋಷ ಆಕೆಯನ್ನು ಸೋಂಕಲಿಲ್ಲ.

ಒಪ್ಪಿಸಿದ್ದು ಮಗಳಿಗೆ ಎಂಬುದೂ ಗಮನಾರ್ಹವೇ. ಆದಿಪುರಾಣದಲ್ಲಿ ಅನ್ವಯದತ್ತಿಯ ಲಕ್ಷಣವನ್ನು ಮಗನನ್ನು ಮುಂದಿಟ್ಟುಕೊಂಡು ಹೇಳಲಾಗಿದೆ. ನಾಗರಖಂಡದ ಶ್ರಾವಕಿಯೊಬ್ಬಳು ಅದನ್ನು ಮಗಳ ವಿಷಯದಲ್ಲಿ ನಡೆಸಿ ತೋರಿಸಿದಳು. ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಂದ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ದೊರೆತುದು 1994ರಲ್ಲಿ. ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬಂದುದು 2005ರಲ್ಲಿ. ಜೈನರಿಗೂ ಅನ್ವಯಿಸುವ ಈ ಕಾನೂನು ಬಂದ ಮೇಲೂ, ಅರಿಸಿನ ಕುಂಕುಮದೊಡನೆ ಒಂದು ಸೀರೆ ಕೊಟ್ಟು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಪಡೆಯುವ ಪದ್ಧತಿ ಎಲ್ಲ ಮನೆತನಗಳಿಂದಲೂ ಮರೆಯಾಗಿಲ್ಲ. ಸೀರೆ ಒಳ್ಳೆಯ ಉಡುಗೊರೆಯೇ. ಆದರೆ ಸಲ್ಲಬೇಕಾದುದಕ್ಕೆ ಬದಲಾಗಿ ಬಂದ ಉಡುಗೊರೆಯನ್ನು ದತ್ತಿಯೆಂದು ಯಾವ ಆಚಾರ್ಯರೂ ಕರೆದಿಲ್ಲ.

ಬಂದಳಿಕೆಯ ನೆರೆಯ ಬಳ್ಳಿಗಾವೆಯಲ್ಲಿ ಇದಕ್ಕಿಂತ ಬೇರೆ ಬಗೆಯ ಒಂದು ನಿದರ್ಶನವಿದೆ. ಹನ್ನೊಂದನೆಯ ಶತಮಾನದಲ್ಲಿ ಅದು ಬನವಾಸಿ ನಾಡಿನ ರಾಜಧಾನಿ. ಶೈವ, ವೈಷ್ಣವ, ಜೈನ, ಬೌದ್ಧ ಆಲಯಗಳು ಒಂದೇ ಪಟ್ಟಣದಲ್ಲಿ ಬೆಳಗುತ್ತಿದ್ದ ಕಾಲ. ನಾಡನ್ನು ಆಳುತ್ತಿದ್ದವನು ಲಕ್ಷ್ಮಣ ನೃಪ. ಅವನ ಅಧಿಕಾರಿಯಾಗಿದ್ದವನು ಸುಕುಮಾರಚರಿತೆಯ ಕವಿ ಶಾಂತಿನಾಥ. ಆ ಊರಿನ ಶಾಂತಿನಾಥ ತೀರ್ಥಂಕರರ ಬಸದಿ ಮರದ್ದಾಗಿತ್ತು. ಮಲೆನಾಡಿನ ಮಳೆಯಲ್ಲಿ ಮರದ ಕಟ್ಟಡದ ಗತಿ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಕವಿಯು ತನ್ನ ಒಡೆಯನಲ್ಲಿ ಬಿನ್ನವಿಸಿಕೊಂಡು ಅದನ್ನು ಶಿಲಾಮಯವನ್ನಾಗಿ ಮಾಡಿಸಿದನು. 1068ರ ಶಾಸನ ಇದನ್ನು ಹೇಳುತ್ತದೆ. ದತ್ತಿಯನ್ನು ಮಾಘನಂದಿ ಭಟ್ಟಾರಕರಿಗೆ ಒಪ್ಪಿಸಲಾಯಿತು.

ಇಲ್ಲಿ ಕೊಟ್ಟವನು ಲಕ್ಷ್ಮಣ ನೃಪ. ಆದರೆ ಏನನ್ನು ಕೊಡಬೇಕೆಂದು ಆರಿಸಿದವನು ಶಾಂತಿನಾಥ. ಹೊಸ ಬಸದಿಯೊಂದನ್ನು ತನ್ನ ಒಡೆಯನ ಹೆಸರಿನಲ್ಲಿ ಎತ್ತಿಸುವುದು ಅವನಿಗೆ ಕಷ್ಟವಾಗುತ್ತಿರಲಿಲ್ಲ; ಒಡೆಯನಿಗೂ ಅದು ಹೆಚ್ಚು ಪ್ರಿಯವಾಗುತ್ತಿತ್ತೋ ಏನೋ. ಇದ್ದುದನ್ನೇ ಉಳಿಯುವಂತೆ ಮಾಡುವುದು ಹೆಚ್ಚು ಅಗತ್ಯವೆಂದು ಅವನು ಕಂಡುಕೊಂಡನು. ಇಂದಿನ ಬಸದಿಗಳ ಟ್ರಸ್ಟಿಗಳು ತಮ್ಮ ಕರ್ತವ್ಯವನ್ನು ಈ ಮಾದರಿಯಲ್ಲಿ ನೋಡಿಕೊಳ್ಳಬಹುದು. ದಾನಿಯು ಬಂದು ಏನು ಕೊಡಲಿ ಎಂದಾಗ ತಮ್ಮ ಇಷ್ಟ ಎಂದು ಹೇಳುವುದು ವಿನಯವಾಗಿ ಕಾಣುತ್ತದೆ. ನಿಜವಾಗಿ ಅದು ಹೊಣೆ ಜಾರಿಸುವ ಮಾತು. ಬಸದಿಗೆ ಏನು ಬೇಕೆಂಬುದನ್ನು ದಾನಿಗಿಂತ ಚೆನ್ನಾಗಿ ಬಲ್ಲವರು ಅವರೇ. ಸೋರುವ ಮಾಡನ್ನು ತೋರಿಸಿ ಇದಕ್ಕೆ ಕೊಡಿ ಎನ್ನಲು ಸಂಕೋಚಪಡಬಾರದು.

ಇನ್ನು ಸೊರಬ ತಾಲ್ಲೂಕಿನ ಕುಪ್ಪಟೂರಿನತ್ತ ಬರಬಹುದು. ಬನವಾಸಿಯ ಕದಂಬ ಅರಸು ಕೀರ್ತಿದೇವನ ಪಟ್ಟದರಸಿ ಮಾಳಲದೇವಿಯು ಹನ್ನೊಂದನೆಯ ಶತಮಾನದ ಎಂಟನೆಯ ದಶಕದಲ್ಲಿ ಅಲ್ಲಿ ಪಾರ್ಶ್ವದೇವ ಚೈತ್ಯಾಲಯವನ್ನು ಮಾಡಿಸಿದಳು. ಅವಳ ಗುರುಗಳು ಪದ್ಮನಂದಿ ಸಿದ್ಧಾಂತದೇವರು. ನಿತ್ಯಪೂಜೆಗಾಗಿ ಅರಸನಿಂದ ಸಿದ್ದಣಿಯೆಂಬ ಸ್ಥಳವನ್ನು ಪಡೆದು ಬಿಟ್ಟುಕೊಟ್ಟಳು. ಕುಪ್ಪಟೂರು ಬ್ರಾಹ್ಮಣರ ಅಗ್ರಹಾರ. ರಾಣಿಯು ಆ ಊರಿನ ವಿದ್ವಾಂಸರನ್ನು ಗೌರವಿಸಿ ಪೂಜಿಸಿ, ಬಸದಿಗೆ ಹೆಸರಿಡುವ ಕಾರ್ಯವನ್ನು ಅವರಿಂದಲೇ ಮಾಡಿಸಿದಳು. ಅವರು ಇಟ್ಟ ಹೆಸರು ಬ್ರಹ್ಮಜಿನಾಲಯ. ರಾಣಿಯಾದವಳಿಗೆ ಯಾರ ಒಪ್ಪಿಗೆಯ ಅಗತ್ಯವಿತ್ತು? ಆದರೂ ಅವಳು ನೆರೆಯವರಿಗೆ ಕೊಟ್ಟುದು ಮಾನವನ್ನು. ಅದರ ಫಲವಾಗಿ ಬಸದಿಗೆ ದೊರೆತುದು ಊರಿನ ಪ್ರೀತಿ. ಅಭಿಮಾನವುಳ್ಳ ವಿದ್ವಾಂಸರಿಗೆ ಹೊನ್ನಿಗಿಂತ ಗೌರವವೇ ಮೆಚ್ಚಿಗೆಯಾಗುವುದೆಂಬ ತಿಳುವಳಿಕೆ ಅವಳಲ್ಲಿದ್ದಿತು.

ಅರಸಿ ಅಧಿಕಾರಿಗಳ ಮಾತು ಇಷ್ಟಾಯಿತು. ನಾಗರಖಂಡದ ದಾನಿಗಳಲ್ಲಿ ಗಾವುಂಡರೂ ಸೆಟ್ಟಿಗಳೂ ಬಹುಮಂದಿ. ಸೊರಬದ ತೇವರತೆಪ್ಪದಲ್ಲಿ ಲೋಕಗಾವುಂಡನು 1171ರ ವೇಳೆಗೆ ಜಿನಾಲಯ ಮಾಡಿಸಿದನು. ಶಿಕಾರಿಪುರ ತಾಲ್ಲೂಕಿನ ಚಿಕ್ಕಮಾಗಡಿಯಲ್ಲಿ, ಅಂದಿನ ಮಾಗುಡಿಯಲ್ಲಿ, ಶಂಕರ ಸಾಮಂತನು ಮಾಡಿಸಿದ ಬಸದಿಗೆ 1182ರಲ್ಲಿ ಕಳಚುರಿಗಳ ದಂಡನಾಯಕ ರೇಚರಸನು ದತ್ತಿ ಕೊಟ್ಟನು. ಇದೇ ರೇಚರಸನು ಮುಂದೆ ಹೊಯ್ಸಳ ವೀರಬಲ್ಲಾಳನ ಆಶ್ರಯಕ್ಕೆ ಬಂದು ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ಮಾಡಿಸಿದುದು 1220ರಲ್ಲಿ. ಬಂದಳಿಕೆಯ ಶಾಂತಿನಾಥ ಬಸದಿಗೆ ಸುಮಾರು 1200ರ ಹೊತ್ತಿಗೆ ಮಂಟಪವನ್ನು ಕಟ್ಟಿಸಿದವನು ಬೊಪ್ಪಸೆಟ್ಟಿಯೆಂಬ ವರ್ತಕ. ಆಗ ಆ ತೀರ್ಥದ ಆಚಾರ್ಯರಾಗಿದ್ದವರು ಮೂಲಸಂಘ ಕ್ರಾಣೂರ್ಗಣ ತಿಂತ್ರಿಣೀಗಚ್ಛದ ಶುಭಚಂದ್ರ ಪಂಡಿತರು.

ಈ ನಾಡಿನ ದಾನಶಾಸನಗಳನ್ನು ಒಟ್ಟಾಗಿ ನೋಡಿದರೆ ವರ್ತಕರ ಕಣ್ಣಿಗೆ ಒಂದು ಸಂಗತಿ ತಟ್ಟನೆ ಹೊಳೆಯುತ್ತದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಬಂಡವಾಳದ ವೆಚ್ಚ ಮತ್ತು ವರ್ಷವರ್ಷದ ವೆಚ್ಚ ಎಂಬ ಭೇದವನ್ನು ಅಂದಿನ ದಾನಿಗಳು ಚೆನ್ನಾಗಿ ಬಲ್ಲವರಾಗಿದ್ದರು. ಬಸದಿಯನ್ನು ಕಟ್ಟಿಸುವುದು ಒಂದು ದಾನ. ಅದು ನಡೆಯುವಂತೆ ಮಾಡುವುದು ಇನ್ನೊಂದು. ಅಷ್ಟವಿಧಾರ್ಚನೆಗೆ, ಋಷಿಯರ ಆಹಾರದಾನಕ್ಕೆ, ನಂದಾದೀವಿಗೆಗೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದು ಉದ್ದೇಶವನ್ನು ಬಿಡಿಸಿ ಹೇಳಿ ಗದ್ದೆ, ತೋಟ, ಗಾಣ, ಸುಂಕದ ಪಾಲನ್ನು ಬಿಡುವುದು ಅಂದಿನ ವಾಡಿಕೆ. ಗಾಣವನ್ನು ಕೊಟ್ಟರೆ ಎಣ್ಣೆ ನಿಲ್ಲದೆ ಬರುತ್ತದೆ. ದೀಪದ ಕಂಬವನ್ನು ಮಾತ್ರ ಕೊಟ್ಟರೆ ಎಣ್ಣೆಗೆ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕು. ಕಟ್ಟಡ ಬಿರುಕು ಬಿಡುವ ಮೊದಲೇ ಬಿರುಕಿನ ದುರಸ್ತಿಗೆ ಹಣ ತೆಗೆದಿಟ್ಟ ದೂರದೃಷ್ಟಿಯನ್ನು ಇಂದಿನ ಸವಕಳಿ ನಿಧಿಗೆ ಹೋಲಿಸಬಹುದು. ಆದರೆ ಕಟ್ಟಡದ ಶಂಕುಸ್ಥಾಪನೆಗೆ ಹರಿದುಬರುವ ಹಣದಲ್ಲಿ ಹತ್ತರಲ್ಲೊಂದು ಪಾಲು ಅದರ ನಿರ್ವಹಣೆಗೆ ಬರುವುದಿಲ್ಲವೆಂಬ ದೂರು ಇಂದು ಊರೂರಿನಲ್ಲಿ ಕೇಳಿಬರುತ್ತದೆ. ನಿರ್ವಹಣೆಗೆ ಕೊಟ್ಟ ದಾನಕ್ಕೆ ಅಮೃತಶಿಲೆಯ ಫಲಕ ಹಾಕಿಸುವವರು ಕಡಿಮೆಯಿರುವುದು ಒಂದು ಕಾರಣವಿದ್ದೀತು.

ಜೈನರ ದಾನದ ಮಾತಿನಲ್ಲಿ ಬಳ್ಳಿಗಾವೆಯ ಕೋಡಿಯಮಠವನ್ನು ನೆನೆಯದಿದ್ದರೆ ಅನ್ಯಾಯವಾದೀತು. ಅದು ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕಾಳಾಮುಖ ಶೈವರ ಮಠ. 1162ರ ಶಾಸನವು ಅಲ್ಲಿ ನಡೆಯುತ್ತಿದ್ದ ಸೇವೆಗಳನ್ನು ಹೆಸರಿಸಿ ಹೇಳುತ್ತದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ, ರೋಗಿಗಳಿಗೆ ಔಷಧ, ವಿದ್ಯಾರ್ಥಿಗಳಿಗೆ ಶಾಸ್ತ್ರ, ಸಕಲ ಪ್ರಾಣಿಗಳಿಗೂ ಅಭಯ. ನಮ್ಮ ಗ್ರಂಥಗಳು ಹೇಳುವ ಚತುರ್ವಿಧ ದಾನವೂ ಶೈವ ಮಠವೊಂದರ ಅಂಗಳದಲ್ಲಿ ಪೂರ್ಣವಾಗಿ ನಡೆಯುತ್ತಿತ್ತು. ಅಲ್ಲಿ ಕಲಿಸುತ್ತಿದ್ದ ವ್ಯಾಕರಣಗಳ ಪಟ್ಟಿಯಲ್ಲಿ ಪಾಣಿನೀಯದ ಜೊತೆಗೆ ಶಾಕಟಾಯನವೂ ಇದೆ. ಅಮೋಘವರ್ಷನ ಕಾಲದ ಜೈನ ವೈಯಾಕರಣ ಶಾಕಟಾಯನನ ಹೆಸರನ್ನು ಓದಿದಾಗ ಸಂತೋಷವಾಗದಿರದು. ಶೈವ ದೇವಾಲಯದ ಸೇವೆಯನ್ನು ಜೈನ ಮನೆತನವು ನಡೆಸುತ್ತಿರುವ ಧರ್ಮಸ್ಥಳದಲ್ಲಿ ಅನ್ನ, ಔಷಧ, ವಿದ್ಯೆ, ಅಭಯಗಳೆಂಬ ನಾಲ್ಕು ದಾನಗಳು ಇಂದಿಗೂ ಪ್ರಸಿದ್ಧವಾಗಿರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಈ ನಾಲ್ಕನ್ನೂ ಒಬ್ಬಳೇ ಗೃಹಿಣಿಯ ನಡತೆಯಲ್ಲಿ ಕಾಣಬೇಕಾದರೆ ನಾಗರಖಂಡದಿಂದ ಶ್ರವಣಬೆಳಗೊಳಕ್ಕೆ ಹೋಗಬೇಕು. ಅಲ್ಲಿಯ 1120ರ ಶಾಸನವೊಂದು ದೇಮತಿ ಅಥವಾ ದೇಮಿಯಕ್ಕನದು. ಅವಳು ರಾಜಮಾನ್ಯನಾದ ಚಾಮುಂಡನೆಂಬ ವರ್ತಕನ ಪತ್ನಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಪತ್ನಿ ಲಕ್ಕಲೆಗೆ ಒಡಹುಟ್ಟಿದವಳು. ಸಮಾಧಿಮರಣವನ್ನು ಪಡೆದ ಈಕೆಯ ಗುಣವನ್ನು ಹೇಳುವಾಗ ಶಾಸನಕವಿಯು ಕೊಟ್ಟ ದ್ರವ್ಯದ ಮೊತ್ತವನ್ನು ಹೇಳುವುದಿಲ್ಲ. ಜನರಿಗೆ ಆಹಾರ, ಭೀತರಿಗೆ ಅಭಯ, ರೋಗದಿಂದ ಕುಂದಿದವರಿಗೆ ಔಷಧ, ಕೇಳಬಂದವರಿಗೆ ಶಾಸ್ತ್ರ ಎಂದು ಪಡೆದವರನ್ನು ಮುಂದಿಟ್ಟು ದಾನವನ್ನು ಹೇಳುತ್ತಾನೆ. ಹೆದರಿದವನಿಗೆ ಲಾಡು ಕೊಟ್ಟು ಫಲವಿಲ್ಲ, ರೋಗಿಗೆ ಉಪದೇಶ ಸಾಲದು. ವ್ಯಾಪಾರಿಯ ಮನೆಯಲ್ಲಿ ಬಾಳಿದ ಹೆಣ್ಣುಮಗಳು ಬಾಗಿಲಿಗೆ ಬಂದವರ ಮುಖ ನೋಡಿಯೇ ಬೇಕಾದುದೇನೆಂದು ತಿಳಿಯುತ್ತಿದ್ದಿರಬೇಕು. ಗಿರಾಕಿಯನ್ನು ಅರಿಯುವ ಜಾಣ್ಮೆ ಧರ್ಮಕ್ಕೆ ತಿರುಗಿದಾಗ ಅದರ ಹೆಸರು ಪಾತ್ರವಿವೇಕ.

ಸಮಂತಭದ್ರಾಚಾರ್ಯರು ದಾನದಲ್ಲಿ ಪ್ರಸಿದ್ಧರಾದವರೆಂದು ನಾಲ್ವರನ್ನು ಹೆಸರಿಸುವಲ್ಲಿಯೂ ಇದೇ ದೃಷ್ಟಿಯಿದೆ. ಆಹಾರಕ್ಕೆ ಶ್ರೀಷೇಣ, ಔಷಧಕ್ಕೆ ವೃಷಭಸೇನೆ, ಶಾಸ್ತ್ರಕ್ಕೆ ಕೌಂಡೇಶ, ಆವಾಸಕ್ಕೆ ಒಂದು ಹಂದಿ. ಅರಸನ ಪಂಕ್ತಿಯಲ್ಲಿ ಹಂದಿಯೂ ಕುಳಿತಿದೆ. ಕೌಂಡೇಶನು ಹಿಂದಿನ ಜನ್ಮದಲ್ಲಿ ಓದು ಬಾರದ ಗೋವಳ. ಮರದ ಪೊಟರೆಯಲ್ಲಿ ಸಿಕ್ಕಿದ ಶಾಸ್ತ್ರಗ್ರಂಥವನ್ನು ತಾನೇ ಇಟ್ಟುಕೊಳ್ಳದೆ, ಮಾರದೆ, ಅದನ್ನು ಓದಬಲ್ಲ ಮುನಿಗೆ ಒಪ್ಪಿಸಿದನು. ಹಂದಿಯಂತೂ ಗುಹೆಯಲ್ಲಿ ಧ್ಯಾನಸ್ಥನಾಗಿದ್ದ ಮುನಿಯನ್ನು ತಿನ್ನಬಂದ ಹುಲಿಯೊಡನೆ ಹೋರಾಡಿ ಪ್ರಾಣ ಬಿಟ್ಟಿತು. ಅದರ ಬಳಿ ಕೊಡಲು ಬೇರೇನೂ ಇರಲಿಲ್ಲ. ಮುನಿಗೆ ಆ ಕ್ಷಣದಲ್ಲಿ ಬೇಕಾಗಿದ್ದುದೂ ಬೇರೇನಲ್ಲ.

ಶಾಸ್ತ್ರದಾನದ ವಿಷಯದಲ್ಲಿ ಕನ್ನಡ ನಾಡಿನ ಹೆಣ್ಣುಮಕ್ಕಳ ಋಣ ದೊಡ್ಡದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದುದನ್ನು ಎಲ್ಲರೂ ಬಲ್ಲರು. ಲಕ್ಕುಂಡಿಯಲ್ಲಿ ಬಸದಿಯನ್ನು ಎತ್ತಿಸಿದವಳೂ ಅವಳೇ. ಅಲ್ಲಿಯ ಶಾಸನ 1007ರದು. ಅಷ್ಟು ಪ್ರಸಿದ್ಧಿಗೆ ಬಾರದ ಇನ್ನೊಬ್ಬಳು ಮಲ್ಲಿಕಬ್ಬೆ. ಶ್ರೀಪಂಚಮೀ ವ್ರತದ ಉದ್ಯಾಪನೆಯ ಸಂದರ್ಭದಲ್ಲಿ ಅವಳು ಮಹಾಬಂಧವೆಂಬ ಸಿದ್ಧಾಂತಗ್ರಂಥದ ಪ್ರತಿಯನ್ನು ತಾಳೆಗರಿಯಲ್ಲಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಕಾಪಾಡಲ್ಪಟ್ಟ ಸಿದ್ಧಾಂತದ ತಾಳೆಗರಿಗಳಲ್ಲಿ ಅದೂ ಒಂದು. ಧವಳ ಟೀಕೆಯ ಮುದ್ರಣ 1939ರಲ್ಲಿ ಆರಂಭವಾಗಿ ಸಿದ್ಧಾಂತಗ್ರಂಥಗಳು ನಾಡಿನ ವಿದ್ವಾಂಸರ ಕೈಸೇರುವಂತಾದುದಕ್ಕೆ ಆ ತಾಳೆಗರಿಗಳೇ ಆಧಾರ. ಒಂದು ಉದ್ಯಾಪನೆಯ ಉಡುಗೊರೆಯ ಬಾಳಿಕೆ ಅಷ್ಟು! ಈಗ ಉದ್ಯಾಪನೆಯೆಂದರೆ ಹೆಸರು ಕೊರೆಸಿದ ಸ್ಟೀಲ್ ಪಾತ್ರೆಗಳನ್ನು ಹಂಚುವುದು ರೂಢಿಯಾಗಿದೆ. ಪಾತ್ರೆಯನ್ನು ಕೊಡುವ ಆತುರದಲ್ಲಿ ಪಾತ್ರವನ್ನು ನೋಡುವುದು ಮರೆತುಹೋಗಿದೆ ಎಂದು ಹಿರಿಯರು ಹಾಸ್ಯ ಮಾಡಿದರೆ ತಪ್ಪೆನ್ನಲಾಗದು. ಒಂದೊಂದು ಮನೆಯ ಅಟ್ಟದಲ್ಲಿಯೂ ಇಂತಹ ಲೋಟ ತಟ್ಟೆಗಳು ಬಳಕೆಯಿಲ್ಲದೆ ಬಿದ್ದಿರುತ್ತವೆ.

ಅತಿಯಾದ ಉದಾರತೆಯು ಪಾತ್ರಕ್ಕೆ ಹಾನಿ ತರುವ ಸಂದರ್ಭವೂ ಉಂಟು. ಮುನಿಗಳಿಗೆ ಪಿಂಛಿ, ಕಮಂಡಲು, ಶಾಸ್ತ್ರ ಇವಿಷ್ಟೇ ಉಪಕರಣ. ತಮಗಾಗಿಯೇ ಸಿದ್ಧಪಡಿಸಿದ ಆಹಾರವನ್ನು ಅವರು ಸ್ವೀಕರಿಸುವುದಿಲ್ಲ. ಗೃಹಸ್ಥನು ತಾನು ಉಣ್ಣುವ ಶುದ್ಧಾಹಾರದಲ್ಲಿ ಪಾಲು ಕೊಡಬೇಕು. ಹೀಗಿರುವಾಗ ಭಕ್ತಿಯ ಭರದಲ್ಲಿ ಅವರ ಸುತ್ತ ಸೌಕರ್ಯಗಳನ್ನು ಕೂಡಿಸುವುದು ಅವರ ಅಪರಿಗ್ರಹ ವ್ರತಕ್ಕೆ ಭಾರವನ್ನು ಹೇರಿದಂತೆ. ಗೃಹಸ್ಥನಿಗೆ ಉತ್ತಮ ಕಾಣಿಕೆಯಾದ ಸುವರ್ಣವು ಯತಿಗೆ ಉಪಸರ್ಗವಾಗುತ್ತದೆ. ಇದಕ್ಕೆ ವಿರುದ್ಧವಾದ ತಪ್ಪು ಮನೆಯ ಆಳುಕಾಳುಗಳ ವಿಷಯದಲ್ಲಿ ನಡೆಯುತ್ತದೆ. ಅವರಿಗೆ ಹಬ್ಬದಲ್ಲಿ ಹಳೆಯ ಬಟ್ಟೆಯನ್ನು ಕೊಟ್ಟು ದಾನವೆಂದು ಎಣಿಸುವುದುಂಟು. ಸಲ್ಲಬೇಕಾದ ಸಂಬಳವನ್ನು ಕಾಲಕ್ಕೆ ಸರಿಯಾಗಿ ಕೊಟ್ಟ ಮೇಲಲ್ಲವೇ ದಾನದ ಲೆಕ್ಕ ಆರಂಭವಾಗುವುದು?

ಬಂಧುಗಳ ನಡುವಿನ ಮುಯ್ಯಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದಿಟ್ಟು, ಅವರ ಮನೆಯ ಶುಭಕಾರ್ಯದಲ್ಲಿ ಅಷ್ಟನ್ನೋ ಒಂದು ರೂಪಾಯಿ ಹೆಚ್ಚನ್ನೋ ಹಿಂದಿರುಗಿಸುವುದು ಹಳೆಯ ವ್ಯವಸ್ಥೆ. ಖರ್ಚಿನ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಕೈಗೂಡಿಸುವ ಇಂತಹ ಬಡ್ಡಿಯಿಲ್ಲದ ಕೈಗಡವನ್ನು ಹೀಗಳೆಯಬೇಕಾಗಿಲ್ಲ. ಆದರೆ ಅದು ಉದ್ದರಿ ಖಾತೆಯಲ್ಲಿ ಬರೆಯಬೇಕಾದ ಬಾಬು, ದಾನದ ಖಾತೆಯಲ್ಲಿ ಅಲ್ಲ. ಸಮದತ್ತಿಯೆಂದು ಜಿನಸೇನಾಚಾರ್ಯರು ಹೇಳಿದುದು ಮರಳಿ ಬರಲೆಂದು ಕೊಟ್ಟದ್ದನ್ನಲ್ಲ. ವ್ಯಾಪಾರದಲ್ಲಿ ಸೋತ ಸಾಧರ್ಮಿಕ ಬಂಧುವಿಗೆ, ಅವನ ತಲೆ ತಗ್ಗದಂತೆ, ಅಂಗಡಿಯನ್ನು ಮತ್ತೆ ತೆರೆಯಲು ಬೇಕಾದ ಸರಕನ್ನು ಒದಗಿಸುವುದು ಸಮದತ್ತಿ. ವೃದ್ಧ ಸೋದರತ್ತೆಗೆ ರೇಷ್ಮೆ ಸೀರೆಗಿಂತ ಶ್ರವಣಬೆಳಗೊಳದ ಯಾತ್ರೆಗೆ ಜೊತೆಯಾಗಿ ಹೋಗುವವರೊಬ್ಬರು ಹೆಚ್ಚು ಬೇಕಾಗಿರಬಹುದು. ಇದಕ್ಕೆಲ್ಲ ಹಣ ಹೆಚ್ಚು ಬೇಡ. ಕೇಳುವ ವ್ಯವಧಾನ ಬೇಕು.

ಮತ್ತೆ ಬಂದಳಿಕೆಗೆ ಬಂದರೆ, ಈ ತೀರ್ಥಕ್ಕೇ ಇಂದು ಏನನ್ನು ಕೊಡಬಹುದೆಂಬ ಪ್ರಶ್ನೆ ಉಳಿಯುತ್ತದೆ. ಅಮೃತಶಿಲೆ, ಬಣ್ಣ, ಸಿಮೆಂಟು, ಕಬ್ಬಿಣದ ಬಾಗಿಲು ಇವು ಇಲ್ಲಿಗೆ ಸಲ್ಲವು. 1958ರ ಪುರಾತನ ಸ್ಮಾರಕಗಳ ಕಾನೂನಿನಂತೆ ರಕ್ಷಿತ ಸ್ಮಾರಕವನ್ನು ಬದಲಿಸುವಂತಿಲ್ಲ. 2010ರ ತಿದ್ದುಪಡಿಯಿಂದ ಸುತ್ತಲಿನ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೂ ನಿಷೇಧವಿದೆ. ಭಕ್ತರ ಅತ್ಯುತ್ಸಾಹದಿಂದ ಬೊಪ್ಪಸೆಟ್ಟಿಯ ಬಸದಿಯನ್ನು ಈ ಕಾನೂನು ಕಾಪಾಡಿದೆ ಎಂದರೂ ಸರಿಯೇ. ಆದರೆ ಶಾಸ್ತ್ರದಾನಕ್ಕೆ ಯಾವ ಅಡ್ಡಿಯೂ ಇಲ್ಲ. ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ 1902ರಲ್ಲಿಯೂ, ಸೊರಬದವನ್ನು 8ನೆಯ ಸಂಪುಟದಲ್ಲಿ 1904ರಲ್ಲಿಯೂ ಪ್ರಕಟಿಸಿದರು. ಅವುಗಳ ಭಾಷೆ ಹಳಗನ್ನಡ ಮತ್ತು ಸಂಸ್ಕೃತ, ಸಂಪುಟಗಳು ಗ್ರಂಥಾಲಯದ ಕಪಾಟಿನಲ್ಲಿ. ಜಕ್ಕಿಯಬ್ಬೆಯ ಶಾಸನದಿಂದ ಬೊಪ್ಪಸೆಟ್ಟಿಯವರೆಗಿನ ಬರಹಗಳನ್ನು ಆರಿಸಿ, ಸರಳವಾದ ಕನ್ನಡದಲ್ಲಿ ಅರ್ಥ ಬರೆಯಿಸಿ, ಚಿಕ್ಕ ಪುಸ್ತಿಕೆಯಾಗಿ ಅಚ್ಚು ಹಾಕಿಸಲು ಒಂದು ಮದುವೆಯ ಹೂವಿನ ಅಲಂಕಾರಕ್ಕೆ ತಗಲುವಷ್ಟು ಹಣ ಸಾಕು. ಅದನ್ನು ಮೊದಲು ಕೊಡಬೇಕಾದುದು ಶಿಕಾರಿಪುರ, ಸೊರಬಗಳ ಶಾಲೆಗಳಿಗೆ, ಜಕ್ಕಿಯಬ್ಬೆ ಆಳಿದ ಆ ಎಪ್ಪತ್ತು ಊರುಗಳ ನೆಲದಲ್ಲಿ ಇಂದು ಓದುತ್ತಿರುವ ಮಕ್ಕಳಿಗೆ.